ಮಳೆಯ ಚಿತ್ರದಲ್ಲಿ ಊರೇಕೆ ಕಾಣುವುದಿಲ್ಲ?

ಮೃಗಶಿರಾ ಮಳೆ ಹಿಡಿಯುತ್ತಿದ್ದಂತೆಯೇ ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಟ್ಟಕ್ಕೆ ಸಾಗುವ ರಸ್ತೆಯು ರವಿವಾರಗಳಂದು ಕಾರು, ಮೋಟಾರ್‌ಸೈಕಲ್‌ಗಳಿಂದ ತುಂಬಿಹೋಗುತ್ತದೆ. ಸಂಜೆಯ ಹೊತ್ತಿಗೆ ಆ ದಿನದ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡತೊಡಗುತ್ತವೆ. ಮಂಜು ಕವಿದ ಗುಡ್ಡ, ಹಸಿರು ಇಳಿಜಾರು, ದೂರದಲ್ಲಿ ಬಿಳಿಯ ನೀರಿನ ಎಳೆ, ಬೆನ್ನು ತೋರಿಸಿ ನಿಂತ ಒಬ್ಬ ಯುವಕ. ಅದರಡಿಯಲ್ಲಿ, ಮನುಷ್ಯರ ಸುಳಿವೇ ಇಲ್ಲದ ಸ್ವರ್ಗವಿದು ಎಂಬರ್ಥದ ಒಂದು ಸಾಲು.

ಚಿತ್ರಗಳು ಸುಂದರವಾಗಿವೆ, ನಿಜ. ಆದರೆ ಅವು ಸುಳ್ಳು ಹೇಳುತ್ತಿವೆ. ಆ ಸುಳ್ಳಿನ ಬೆಲೆ ತೆರುತ್ತಿರುವವರು ಗುಡ್ಡದ ಜನ.

ಮಂಜಿನ ಹಿಂದೆ ಏನಿದೆ ಎಂಬುದನ್ನು ನೋಡೋಣ. 2011ರ ಡಿಸೆಂಬರ್‌ನಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡದ 190 ಚದರ ಕಿಲೋಮೀಟರ್ ಕಾಡಿನಲ್ಲಿ ಆಮಗಾಂವ್, ಗವಾಳಿ, ಕೊಂಗಳಾ, ಪಾಸ್ತೋಲಿ, ಕೃಷ್ಣಾಪುರ ಮುಂತಾದ ಊರುಗಳಿವೆ. ಆಮಗಾಂವ್‌ನಲ್ಲಿ 2010ರಲ್ಲಿ 10,000 ಮಿಲಿಮೀಟರ್ ಮೀರಿದ ಮಳೆ ದಾಖಲಾಗಿತ್ತು. ಪ್ರವಾಸಿಗೆ ಇದೊಂದು ಬೆರಗಿನ ಅಂಕಿ. ಊರವರಿಗೆ ಅದರ ಅರ್ಥ ಬೇರೆ: ಹಳ್ಳ ತುಂಬಿದರೆ ದಾರಿ ಮುಚ್ಚಿತು, ಶಾಲೆ ನಿಂತಿತು, ಔಷಧಿ ದೂರವಾಯಿತು. 2024ರ ಜುಲೈನಲ್ಲಿ ಅದೇ ಊರಿನ ಅಸ್ವಸ್ಥ ಮಹಿಳೆಯೊಬ್ಬರನ್ನು ಊರವರು ಮಳೆಯಲ್ಲಿಯೇ, ಕೈಯಾರೆ ಕಟ್ಟಿದ ಡೋಲಿಯಲ್ಲಿ ಹಲವು ಕಿಲೋಮೀಟರ್ ಹೊತ್ತು ನಡೆಯಬೇಕಾಯಿತು. ಆ ಜುಲೈನಲ್ಲಿಯೂ ಚೋರ್ಲಾದ ಮಂಜಿನ ಚಿತ್ರಗಳಿಗೆ ಕೊರತೆಯಿರಲಿಲ್ಲ.

ಊರನ್ನು ಬಿಟ್ಟು ಗುಡ್ಡವನ್ನಷ್ಟೇ ತೋರಿಸಿದರೆ ತಪ್ಪೇನು ಎಂದು ಕೇಳುವವರಿದ್ದಾರೆ. ಇತಿಹಾಸ ಇದಕ್ಕೆ ಉತ್ತರ ಕೊಟ್ಟಿದೆ. ಅಮೆರಿಕದ ಯೊಸೆಮಿಟಿ ಕಣಿವೆಯಲ್ಲಿ ಕಾರ್ಲ್‌ಟನ್ ವಾಟ್‌ಕಿನ್ಸ್ 1861ರಲ್ಲಿ ದೊಡ್ಡ ಗಾಜಿನ ಫಲಕಗಳ ಮೇಲೆ ಭವ್ಯವಾದ ಚಿತ್ರಗಳನ್ನು ತೆಗೆದ. 1864ರಲ್ಲಿ ಲಿಂಕನ್ ಸಹಿಯೊಡನೆ ಆ ಕಣಿವೆ ಸಂರಕ್ಷಿತವಾದುದರ ಹಿಂದೆ ಆ ಚಿತ್ರಗಳ ಪ್ರಭಾವವೂ ಇತ್ತು. ಆದರೆ ಹತ್ತು ವರ್ಷ ಮುಂಚೆ, 1851ರಲ್ಲಿ, ಅಲ್ಲಿಯ ಮೂಲನಿವಾಸಿಗಳಾದ ಅಹ್ವಾನೀಚಿ ಜನರನ್ನು ಸಶಸ್ತ್ರ ಪಡೆಯೊಂದು ಹೊರದೂಡಿ, ಅವರ ಗುಡಿಸಲುಗಳನ್ನು ಸುಟ್ಟಿತ್ತು. ಯಾರೂ ಇಲ್ಲದ ಕಣಿವೆ ಎಂದು ಜಗತ್ತು ಮೆಚ್ಚಿದ್ದು ಜನರನ್ನು ಓಡಿಸಿದ ಕಣಿವೆಯನ್ನು!

ನಮ್ಮಲ್ಲಿ ಬಂದೂಕು ಬಂದಿಲ್ಲ, ಚೆಕ್ಕು ಬಂದಿದೆ. ಭೀಮಗಡದೊಳಗಿನ ತಳೇವಾಡಿಯ 27 ಕುಟುಂಬಗಳಿಗೆ ಸ್ಥಳಾಂತರದ ಪರಿಹಾರ ವಿತರಣೆ 2025ರಲ್ಲಿ ಆರಂಭವಾಯಿತು. ರಸ್ತೆ, ಆಸ್ಪತ್ರೆ, ಶಾಲೆಗಳಿಗಾಗಿ ಕಾದು ಬೇಸತ್ತವರು ಹೊರಡಲು ಒಪ್ಪಿದರೆ ಅವರನ್ನು ದೂಷಿಸುವ ಹಕ್ಕು ಯಾರಿಗೂ ಇಲ್ಲ. ಉಳಿಯುತ್ತೇವೆನ್ನುವ ಊರನ್ನು ಹೊರಡಿಸುವ ಹಕ್ಕೂ ಯಾರಿಗೂ ಇಲ್ಲ. ಈ ನಿರ್ಣಯ ಆಯಾ ಊರಿನ ಗ್ರಾಮಸಭೆಯದು. ಹೀಗಿರುವಾಗ, ಇಲ್ಲಿ ಮನುಷ್ಯರೇ ಇಲ್ಲವೆಂದು ಸಾರುವ ಒಂದೊಂದು ಚಿತ್ರವೂ ಊರವರನ್ನು ಕೇಳದೆಯೇ ಅವರ ಪರವಾಗಿ ತೀರ್ಪು ಬರೆದುಬಿಡುತ್ತದೆ.

ಇನ್ನು ‘ಹಗುರ ಪ್ರಯಾಣ’ದ ಮಾತು. ಇಂದಿನ ಪ್ರವಾಸಿಗರ ಹೆಮ್ಮೆಯ ಮಾತಿದು: ಒಂದೇ ಚೀಲ, ಒಂದೇ ಕ್ಯಾಮೆರಾ, ಬೆನ್ನಿಗೆ ಭಾರವಿಲ್ಲ. ಬೆನ್ನಿಗೆ ಭಾರವಿಲ್ಲ, ಸರಿ. ಗುಡ್ಡದ ಮೇಲೆ ಬಿದ್ದ ಭಾರದ ಲೆಕ್ಕವೇನು? ಚೋರ್ಲಾದ ಜಂಬಿಟ್ಟಿಗೆ ಕಲ್ಲಿನ ಹಾಸುಗಳಲ್ಲಿ ಮಣ್ಣು ಬೆರಳ ದಪ್ಪವೂ ಇರುವುದಿಲ್ಲ. ಮಳೆಗಾಲದ ಕೆಲವೇ ವಾರಗಳಲ್ಲಿ ಅಲ್ಲಿ ಕೀಟಾಹಾರಿ ಪುಟ್ಟ ಗಿಡಗಳು ಮೊಳೆತು, ಹೂಬಿಟ್ಟು, ಬೀಜ ಕಟ್ಟಬೇಕು. ಅದೇ ವಾರಗಳಲ್ಲಿ ಅದರ ಮೇಲೆ ಗಾಲಿಗಳು ಓಡುತ್ತವೆ. ಕಪ್ಪೆಗಳು ಮೊಟ್ಟೆಯಿಡಲು ರಸ್ತೆ ದಾಟುವುದೂ ಮಳೆಯ ರಾತ್ರಿಗಳಲ್ಲಿಯೇ. ಕಾಲಿಲ್ಲದ, ಎರೆಹುಳುವಿನಂತೆ ಮಣ್ಣಿನಲ್ಲಿ ಬದುಕುವ ಇಕ್ತಿಯೋಫಿಸ್ ಡೇವಿಡಿ ಎಂಬ ಉಭಯಚರವನ್ನು ವಿಜ್ಞಾನಿಗಳು ಇದೇ ಚೋರ್ಲಾದಿಂದ 2011ರಲ್ಲಿ ಜಗತ್ತಿಗೆ ಪರಿಚಯಿಸಿದರು. ಹೆಸರು ಪಡೆಯುವ ಮೊದಲೇ ಟಯರಿನಡಿ ಅಳಿದುಹೋದ ಜೀವಿಗಳೆಷ್ಟೋ!

ದೂಧಸಾಗರದ ಕಥೆ ಇನ್ನೂ ಹಳೆಯದಾಗಿಲ್ಲ. 2023ರ ಜುಲೈನಲ್ಲಿ ಜಲಪಾತಕ್ಕೆ ಪ್ರವೇಶ ನಿಷೇಧವಿದ್ದರೂ ರೈಲು ಹಳಿಯ ಗುಂಟ ನಡೆದುಬಂದ ಯುವಕರಿಂದ ರೈಲ್ವೆ ಪೊಲೀಸರು ಬಸ್ಕಿ ಹೊಡೆಸಿದರು. ಆ ಬಸ್ಕಿಯ ಚಿತ್ರಗಳೂ ಹರಿದಾಡಿದವು, ಜನ ನಕ್ಕರು. ನಗುವ ಸಂಗತಿಯೇ ಇದು? ಚಿತ್ರವೊಂದಕ್ಕಾಗಿ ಹಳಿಯ ಮೇಲೆ, ಜಾರುವ ಬಂಡೆಯ ಮೇಲೆ ಪ್ರಾಣ ಪಣಕ್ಕಿಡುವವರು ಬಿದ್ದಾಗ ಹುಡುಕಲು ಇಳಿಯುವವರೂ ಬಹುಪಾಲು ಸುತ್ತಲಿನ ಊರಿನವರೇ.

ಮಳೆಯ ಚಿತ್ರವನ್ನೇ ತೆಗೆಯಬಾರದೆಂಬುದು ನಮ್ಮ ವಾದವಲ್ಲ. ತೆಗೆಯಿರಿ, ಆದರೆ ನಿಜವಾಗಿಯೂ ಹಗುರವಾಗಿ ಬನ್ನಿ. ಕಾರನ್ನು ಬಿಟ್ಟು ಸಾರಿಗೆ ಸಂಸ್ಥೆಯ ಬಸ್ಸು ಹತ್ತಿರಿ. ಇದು ಬರಿಯ ನೀತಿಯ ಮಾತಲ್ಲ, ತಂತ್ರದ ಮಾತೂ ಹೌದು. ಹವಾನಿಯಂತ್ರಿತ ಕಾರಿನಲ್ಲಿ ತಣ್ಣಗಾದ ಮಸೂರವು ಘಟ್ಟದ ತೇವದ ಗಾಳಿಗೆ ಬಂದೊಡನೆ ಮಬ್ಬಾಗುತ್ತದೆ. ಕಿಟಕಿ ತೆರೆದ ಬಸ್ಸಿನಲ್ಲಿ ಬಂದವನ ಮಸೂರಕ್ಕೆ ಆ ತೊಂದರೆಯಿಲ್ಲ. ಒಂದು ಮೊಬೈಲು ಅಥವಾ ಒಂದೇ ಮಸೂರದ ಕ್ಯಾಮೆರಾ, ಒಂದು ಕೊಡೆ, ಒರೆಸಲು ಹಳೆಯ ಹತ್ತಿಬಟ್ಟೆ, ಬಿಗಿಯಾಗಿ ಮುಚ್ಚುವ ಒಂದು ಡಬ್ಬಿ: ಇಷ್ಟು ಸಾಕು. ಗೊರಬು, ಕಂಬಳಿ ಕೊಪ್ಪೆ ಹೊದ್ದು ದಿನವಿಡೀ ನಾಟಿ ಮಾಡಿದವರ ನಾಡಿನಲ್ಲಿ ಒಂದು ಗಂಟೆಯ ಮಳೆಗೆ ಮೂಟೆಗಟ್ಟಲೆ ಸಲಕರಣೆ ಬೇಕೆನ್ನುವುದು ಅಂಗಡಿಯವನ ವಾದ. ಕ್ಯಾಮೆರಾ ತಾನಾಗಿಯೇ ಅಳೆದರೆ ಬಿಳಿಯ ಮಂಜು ಬೂದಾಗಿ ಮೂಡುತ್ತದೆ. ಬೆಳಕನ್ನು ಒಂದು ಹಂತ ಏರಿಸಿದರೆ ಸರಿಹೋಗುತ್ತದೆ. ಮಳೆಯ ಗೆರೆಗಳು ಎದ್ದು ಕಾಣಬೇಕಾದರೆ ಹಿನ್ನೆಲೆ ಕಪ್ಪಾಗಿರಬೇಕು. ನೆನೆದ ಹೆಂಚಿನ ಮಾಡು, ಕೊಟ್ಟಿಗೆಯ ಬಾಗಿಲು ಅದಕ್ಕೆ ಒಳ್ಳೆಯ ಹಿನ್ನೆಲೆ. ಎಂದರೆ ಮಳೆಯನ್ನು ಚೆನ್ನಾಗಿ ತೋರಿಸಲಿಕ್ಕೂ ಊರು ಬೇಕು! ಮನೆಯವರ ಒಪ್ಪಿಗೆ ಕೇಳಿಯೇ ತೆಗೆಯಿರಿ.

ಸುಂದರ ಚಿತ್ರಗಳಿಂದಲೇ ಜನರಲ್ಲಿ ಕಾಡಿನ ಪ್ರೀತಿ ಹುಟ್ಟುತ್ತದೆ ಎನ್ನುವ ಮಾತೂ ಇದೆ. ಅದರಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಹೆಸರಿಲ್ಲದ, ದಿನಾಂಕವಿಲ್ಲದ, ಜನರಿಲ್ಲದ ಚಿತ್ರದಿಂದ ಹುಟ್ಟುವ ಪ್ರೀತಿಯು ಮುಂದಿನ ರವಿವಾರ ಇನ್ನೊಂದು ಕಾರನ್ನು ಕಳಿಸುತ್ತದೆಯೇ ಹೊರತು ಒಂದು ಕಾಲುಸಂಕವನ್ನೂ ಕಟ್ಟಿಸುವುದಿಲ್ಲ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವ ತಾಣವನ್ನು ಚಿತ್ರಿಸುವವರು ಅನೇಕರು. ಅಲ್ಲಿಯೇ ಕಳಸಾ ಯೋಜನೆಗಾಗಿ ಅಗೆದ ಕಾಲುವೆಯನ್ನು ಚೌಕಟ್ಟಿನೊಳಗೆ ತಂದವರು ಎಷ್ಟು ಮಂದಿ?

ವಿದ್ಯಾರ್ಥಿ ಮಿತ್ರರೇ, ನೀವು ತೆಗೆದ ಪ್ರತಿ ಚಿತ್ರಕ್ಕೂ ಊರಿನ ಹೆಸರು, ದಿನಾಂಕ ಬರೆಯಿರಿ. ಜಲಪಾತದ ದಾರಿಯನ್ನು ಸಾರಬೇಡಿ. ಕೊಚ್ಚಿಹೋದ ಸೇತುವೆಯ ದಾರಿಯನ್ನು ಸಾರಿರಿ. ಅಪ್ಪಣೆಯಿಲ್ಲದೆ ವನ್ಯಜೀವಿಧಾಮದೊಳಗೆ ನುಗ್ಗಬೇಡಿ, ಡ್ರೋನ್ ಹಾರಿಸಬೇಡಿ.

ಗ್ರಾಮಸ್ಥ ಬಂಧುಗಳೇ, ಕ್ಯಾಮೆರಾ ಈಗ ನಿಮ್ಮ ಕಿಸೆಯಲ್ಲಿಯೂ ಇದೆ. ತುಂಬಿದ ಹಳ್ಳವನ್ನು, ಶಾಲೆಗೆ ಹೋಗಲಾರದೆ ದಂಡೆಯಲ್ಲಿ ನಿಂತ ಮಕ್ಕಳನ್ನು ನೀವೇ ಚಿತ್ರಿಸಿರಿ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಮನೆ, ಒಡ್ಡು, ಹಳೆಯ ಬಾವಿ, ಸ್ಮಶಾನ, ದೇವಸ್ಥಳಗಳನ್ನು ಹಕ್ಕಿನ ಸಾಕ್ಷ್ಯವಾಗಿ ಪರಿಗಣಿಸುತ್ತವೆ. ಅವುಗಳ ಚಿತ್ರಗಳನ್ನು ದಿನಾಂಕದೊಡನೆ ಗ್ರಾಮಸಭೆಯ ಮುಂದಿಡಿರಿ. ಹೊರಗಿನವರ ಚಿತ್ರದಲ್ಲಿ ನಿಮ್ಮ ಊರು ಇಲ್ಲದಿದ್ದರೆ, ನಿಮ್ಮ ಚಿತ್ರದಲ್ಲಿ ಇರಲಿ.