ಕೂಪು ರಸ್ತೆಯಲ್ಲಿ ಸೈಕಲ್: ಆರು ಆಕ್ಷೇಪ, ಆರು ಉತ್ತರ

ಮಲೆನಾಡಿನ ಕಾಡಿನಿಂದ ನಾಟಾ ಇಳಿಸಲು ಕಡಿದ ಕೂಪು ರಸ್ತೆಗಳಲ್ಲಿ ಲಾರಿಗಳ ಸದ್ದಡಗಿ ಒಂದು ತಲೆಮಾರೇ ಕಳೆಯಿತು. ರೈಲ್ವೆಗೆ ಸ್ಲೀಪರ್, ದಾಂಡೇಲಿಗೆ ಪ್ಲೈವುಡ್ಡಿನ ಮರ, ಭದ್ರಾವತಿಯ ಕುಲುಮೆಗೆ ಇದ್ದಿಲು ಎಂದು ಒಂದೊಂದು ಕಾಲದಲ್ಲಿ ಒಂದೊಂದು ಹಸಿವಿಗೆ ಕಾಡು ಕರಗಿತು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಸೀಮೆಯ ಸಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತರು. 1988ರ ರಾಷ್ಟ್ರೀಯ ಅರಣ್ಯ ನೀತಿ ಆದಾಯಕ್ಕಿಂತ ಪರಿಸರ ಮೊದಲು ಎಂದಿತು. 1996ರ ಡಿಸೆಂಬರ್ 12ರಂದು ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮರ ಕಡಿತಕ್ಕೆ ಬಿಗಿಯಾದ ಕಡಿವಾಣ ಹಾಕಿತು. ಕೊಡಲಿ ನಿಂತಿತು, ರಸ್ತೆ ಉಳಿಯಿತು.

ಜಲ್ಲಿ, ಜಂಬುಮಣ್ಣಿನ ದಾರಿಗೆಂದೇ ತಯಾರಾದ ದಪ್ಪ ಟಯರಿನ ಗ್ರಾವೆಲ್ ಸೈಕಲ್‌ಗಳು ನಮ್ಮಲ್ಲೂ ಬಂದಿವೆ. ಆಯ್ದ ಕೆಲವು ಕೂಪು ರಸ್ತೆಗಳನ್ನು, ಅಭಯಾರಣ್ಯಗಳ ಹೊರಗೆ, ಹಗಲು ಹೊತ್ತಿನಲ್ಲಿ, ಅನುಮತಿ ಪಡೆದವರಿಗಷ್ಟೇ ತೆರೆಯಿರಿ ಎಂಬುದು ಸೈಕಲ್ ತುಳಿಯುವವರ ಬೇಡಿಕೆ. ಇದಕ್ಕೆ ಪರಿಸರಾಸಕ್ತರು, ನಿವೃತ್ತ ಅರಣ್ಯಾಧಿಕಾರಿಗಳು, ಕಾಡಂಚಿನ ಕೃಷಿಕರು ಎಲ್ಲರಿಂದಲೂ ವಿರೋಧವಿದೆ. ಇವರಲ್ಲಿ ಹೆಚ್ಚಿನವರು ಕಾಡನ್ನು ನನ್ನಷ್ಟೇ, ಕೆಲವರು ನನಗಿಂತ ಹೆಚ್ಚು ಬಲ್ಲವರು. ಆದ್ದರಿಂದ ಒಂದೊಂದೇ ಆಕ್ಷೇಪವನ್ನು ಎತ್ತಿಕೊಳ್ಳುತ್ತೇನೆ.

ಒಂದು: ‘ಸೈಕಲ್ ಪ್ರಾಣಿಗಳನ್ನು ಓಡಿಸುತ್ತದೆ’

ಹೌದು, ಓಡಿಸುತ್ತದೆ. ಅಮೆರಿಕದ ಆರೆಗಾನ್ ರಾಜ್ಯದ ಸ್ಟಾರ್ಕಿ ಪ್ರಯೋಗ ಅರಣ್ಯದಲ್ಲಿ ಎಲ್ಕ್ ಜಿಂಕೆಗಳ ಕೊರಳಿಗೆ ಪಟ್ಟಿ ಕಟ್ಟಿ ಅವುಗಳ ಓಡಾಟವನ್ನು ಅಳೆದರು. ನಡೆಯುವವರಿಗಿಂತ ಸೈಕಲ್ಲಿಗೆ ಅವು ಹೆಚ್ಚು ದೂರ ಸರಿದವು. ವಿರೋಧಿಗಳು ಈ ಅಧ್ಯಯನವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಸೈಕಲ್ಲಿಗಿಂತಲೂ ಹೆಚ್ಚು ದೂರ ಸರಿಸಿದ್ದು ಎಂಜಿನ್ ವಾಹನ ಎಂಬುದೂ ಅದರಲ್ಲೇ ಇದೆ. ಯೂಟಾದ ಆಂಟೆಲೋಪ್ ದ್ವೀಪದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಕಾಡೆಮ್ಮೆ, ಜಿಂಕೆಗಳು ನಡೆಯುವವರಿಗೂ ಸೈಕಲ್ಲಿಗೂ ಹೆಚ್ಚುಕಡಿಮೆ ಒಂದೇ ರೀತಿ ಬೆದರಿದವು.

ನಮ್ಮ ಇಲಾಖೆ ಸಫಾರಿಗೆ ಜೀಪು, ಬಸ್ಸು ಬಿಡುತ್ತದೆ, ಚಾರಣಿಗರಿಗೆ ಟಿಕೆಟ್ ಕೊಡುತ್ತದೆ. ಅವೆರಡರ ನಡುವೆ ನಿಲ್ಲುವ ಸೈಕಲ್ಲಿಗೆ ಮಾತ್ರ ‘ಬೇಡ’ ಎನ್ನುವುದಕ್ಕೆ ಪ್ರಾಣಿಗಳ ಹೆಸರು ಹೇಳಲಾಗದು. ಆದರೆ ಸೈಕಲ್ಲಿನವನು ಒಂದೇ ದಿನದಲ್ಲಿ ಚಾರಣಿಗನ ಮೂರು ನಾಲ್ಕು ಪಟ್ಟು ಕಾಡು ದಾಟಬಲ್ಲ. ಈ ಮಾತು ಸರಿ. ಅದಕ್ಕೆ ಪರಿಹಾರ, ಒಂದು ವಲಯದಲ್ಲಿ ಒಂದೇ ರಸ್ತೆ ತೆರೆದು ಉಳಿದ ಕವಲುಗಳಿಗೆ ಅಡ್ಡಲಾಗಿ ಅಗಳು ತೋಡುವುದು. ಹಾಗೆ ಮಾಡಿದರೆ ಇಂದು ಯಾರು ಬೇಕಾದರೂ ನುಗ್ಗುವ ಎಷ್ಟೋ ದಾರಿಗಳು ಪ್ರಾಣಿಗಳಿಗೇ ಮರಳುತ್ತವೆ.

ಎರಡು: ‘ಆನೆ ಎದುರಾದರೆ?’

ಇದಕ್ಕೆ ನನ್ನಲ್ಲಿ ಪ್ರತಿವಾದವಿಲ್ಲ, ಒಪ್ಪಿಗೆಯೇ ಇದೆ. ಸೈಕಲ್ಲಿಗೆ ಸದ್ದಿಲ್ಲ, ಇಳಿಜಾರಿನಲ್ಲಿ ವೇಗವಿದೆ. ಕುರುಡು ತಿರುವಿನಲ್ಲಿ ಈ ಎರಡೂ ಸೇರಿದರೆ ಅಪಾಯ. 2016ರ ಜೂನ್‌ನಲ್ಲಿ ಅಮೆರಿಕದ ಮೊಂಟಾನಾದಲ್ಲಿ ಸ್ವತಃ ಅರಣ್ಯ ಸೇವೆಯ ಅಧಿಕಾರಿಯೊಬ್ಬರು ಸೈಕಲ್ಲಿನ ವೇಗದಲ್ಲಿ ಗ್ರಿಝ್ಲಿ ಕರಡಿಗೆ ಡಿಕ್ಕಿ ಹೊಡೆದು ಅದರ ದಾಳಿಗೆ ಬಲಿಯಾದರು. ಹಾಗಾಗಿ ಸಕಲೇಶಪುರ, ಆಲೂರು, ಕೊಡಗಿನಂಥ ಆನೆ ಓಡಾಡುವ ಕಡೆ ಒಂದು ಕಿಲೋಮೀಟರ್ ರಸ್ತೆಯನ್ನೂ ಕೇಳಬಾರದು. ಆದರೆ ಆಲೂರಿನ ಕಾರಣ ಕೊಟ್ಟು ಸಾಗರದ ಅಕೇಶಿಯಾ ನೆಡುತೋಪಿಗೂ ಬೀಗ ಹಾಕುವುದು ಎಚ್ಚರಿಕೆಯಲ್ಲ, ಸೋಮಾರಿತನ.

ಮೂರು: ‘ಕಾನೂನು ಒಪ್ಪುವುದಿಲ್ಲ’

ಕಾನೂನು ಒಪ್ಪದಿರುವುದು ಅನುಮತಿಯಿಲ್ಲದ ಪ್ರವೇಶವನ್ನು. 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಮೀಸಲು ಅರಣ್ಯಕ್ಕೆ ಅತಿಕ್ರಮ ಪ್ರವೇಶ ಅಪರಾಧ. ಅದೇ ಕಾಯ್ದೆ ಜಾರಿಯಲ್ಲಿರುವಾಗಲೇ ಚಾರಣಿಗರು ಟಿಕೆಟ್ ಪಡೆದು ಹೋಗುತ್ತಿದ್ದಾರೆ. 1972ರ ವನ್ಯಜೀವಿ ಕಾಯ್ದೆಯ 28ನೇ ಕಲಂ ಅಭಯಾರಣ್ಯದೊಳಕ್ಕೂ ಪ್ರವಾಸಕ್ಕೆಂದು ಅನುಮತಿ ಕೊಡಲು ಅವಕಾಶ ಇಟ್ಟಿದೆ, ನಾವು ಅದನ್ನು ಕೇಳುತ್ತಲೂ ಇಲ್ಲ. ಇದ್ದ ರಸ್ತೆಗೆ ಹೊಸ ಮಣ್ಣು ಹಾಕದೆ, ಒಂದು ಗಿಡ ಕಡಿಯದೆ ಹೋಗುವುದರಿಂದ ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಿದಂತೆಯೂ ಆಗುವುದಿಲ್ಲ.

ಗೆರೆ ಎಲ್ಲಿ ಎಳೆಯಬೇಕೆಂಬುದಕ್ಕೆ ಹೊರಗಿನ ಮಾದರಿಯೂ ಇದೆ. ಅಮೆರಿಕದ ಅರಣ್ಯ ಸೇವೆಯ ಕೈಯಲ್ಲಿ ಸುಮಾರು 6 ಲಕ್ಷ ಕಿಲೋಮೀಟರ್ ಕಾಡುರಸ್ತೆಯಿದೆ. ಅದರ ಬಹುಪಾಲು ನಾಟಾಕ್ಕೆಂದೇ ಆದದ್ದು, ಅಲ್ಲಿ ಸೈಕಲ್ ಸಲ್ಲುತ್ತದೆ. 1964ರ ವಿಲ್ಡರ್ನೆಸ್ ಕಾಯ್ದೆಯಡಿ ಘೋಷಿಸಿದ ಕನ್ಯಾರಣ್ಯಕ್ಕೆ ಮಾತ್ರ ಸೈಕಲ್ಲೂ ನಿಷಿದ್ಧ. ನಾವು ಕೇಳುತ್ತಿರುವುದೂ ಅಂಥದೇ ಒಂದು ಗೆರೆ.

ನಾಲ್ಕು: ‘ಮಣ್ಣು ಕೊಚ್ಚಿಹೋಗುತ್ತದೆ, ಬೆಂಕಿ ಬೀಳುತ್ತದೆ’

ಮಳೆಗಾಲದಲ್ಲಿ ಕೂಪು ರಸ್ತೆಯೇ ಹಳ್ಳವಾಗುತ್ತದೆ. ಮೋರಿ ಕಟ್ಟಿಕೊಂಡಿದ್ದರೆ ನೀರು ರಸ್ತೆಯ ಮೇಲೇ ಹರಿದು ಗುಡ್ಡದ ಮಣ್ಣನ್ನು ಹೊತ್ತೊಯ್ಯುತ್ತದೆ. ಇದು ಸೈಕಲ್ಲಿನಿಂದ ಆದದ್ದಲ್ಲ, ಲಾರಿ ಹೋದ ಮೇಲೆ ರಸ್ತೆಯನ್ನು ಕೇಳುವವರಿಲ್ಲದೆ ಆದದ್ದು. ಆದರೂ ಒದ್ದೆ ಮಣ್ಣಿನಲ್ಲಿ ಟಯರು ಸಾಲು ಕೊರೆಯುತ್ತದೆ ಎಂಬುದು ನಿಜ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೂರ್ಣ ಬಂದ್ ಇರಲಿ. ಫೆಬ್ರವರಿಯಿಂದ ಮೇವರೆಗೆ ದರಗು ಒಣಗಿ ಒಂದು ಬೀಡಿ ತುಂಡಿಗೂ ಗುಡ್ಡ ಹೊತ್ತಿಕೊಳ್ಳುವ ಕಾಲ, ಆಗಲೂ ಬಂದ್. ಉಳಿಯುವುದು ಅಕ್ಟೋಬರ್‌ನಿಂದ ಜನವರಿ. ನಮಗೆ ಆ ನಾಲ್ಕು ತಿಂಗಳು ಸಾಕು.

ಐದು: ‘ಇಂದು ಸೈಕಲ್, ನಾಳೆ ಜೀಪು, ನಾಡಿದ್ದು ರೆಸಾರ್ಟ್’

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇದು. ಮಲೆನಾಡಿನವರಿಗೆ ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಕೊಡಚಾದ್ರಿಯ ಕಡಿದಾದ ಮಣ್ಣುದಾರಿಯಲ್ಲಿ ಬಾಡಿಗೆ ಜೀಪುಗಳು ಪ್ರವಾಸಿಗರನ್ನು ಹತ್ತಿಸುವುದನ್ನು ನೋಡಿದವರು ಹೀಗೆ ಹೇಳದೆ ಇನ್ನು ಹೇಗೆ ಹೇಳಿಯಾರು? ಆದರೆ ಗಮನಿಸಿ, ಆ ಜೀಪುಗಳ ಹಿಂದೆ ಯಾವ ಸೈಕಲ್ಲೂ ಇರಲಿಲ್ಲ. ಜೀಪು ಬರುವುದು ಜೀಪು ತೂರುವಷ್ಟು ಅಗಲದ ರಸ್ತೆ ಇದ್ದಲ್ಲಿಗೆ. ಕಾಗದದ ಮೇಲಿನ ನಿಷೇಧ ಅದನ್ನು ತಡೆಯುವುದಿಲ್ಲ, ಎರಡು ಕಲ್ಲುಕಂಬ ಮತ್ತು ಒಂದು ಉಣುಗೋಲು ತಡೆಯುತ್ತವೆ. ಪಕ್ಕದಲ್ಲಿ ಸೈಕಲ್ ಎತ್ತಿ ದಾಟಿಸುವಷ್ಟು ತಡಬೆ ಇದ್ದರಾಯಿತು. ಬೆಂಕಿ ಬಿದ್ದಾಗ ಇಲಾಖೆಯ ಗಾಡಿಗೆ ಬೇಕಾದ ಬೀಗದ ಕೈ ಗಾರ್ಡ್ ಬಳಿ ಇರಲಿ.

ಜನಸಂದಣಿಯ ಭಯಕ್ಕೂ ದಾರಿಯಿದೆ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಸಾವಿರಾರು ಜನ ಒಟ್ಟಿಗೇ ಮುಗಿಬಿದ್ದ ಮೇಲೆ ಇಲಾಖೆ ಚಾರಣವನ್ನು ತಡೆಹಿಡಿದು, ಅದೇ ವರ್ಷ ಆನ್‌ಲೈನ್ ಟಿಕೆಟ್ ಮತ್ತು ಒಂದು ಜಾಡಿಗೆ ದಿನಕ್ಕೆ 300 ಜನರ ಮಿತಿ ತಂದಿತು. ಆ ವ್ಯವಸ್ಥೆಯಲ್ಲೇ ಸೈಕಲ್ಲಿಗೊಂದು ಸಾಲು ಸೇರಿಸಿ, ಮಿತಿಯನ್ನು 30ಕ್ಕೆ ಇಳಿಸಿ. ರೇಸು ಬೇಡ, ಬ್ಯಾಟರಿ ಸೈಕಲ್ ಬೇಡ, ಧ್ವನಿವರ್ಧಕ ಹಿಡಿದ ಪ್ರಾಯೋಜಕರು ಮೊದಲೇ ಬೇಡ. ‘ಕಾಡು ಎಲ್ಲರದು, ಟಿಕೆಟ್ ಏಕೆ’ ಎನ್ನುವ ಸೈಕಲ್ ಗೆಳೆಯರಿಗೂ ಇದೇ ಉತ್ತರ: ಎಲ್ಲರದೆಂದೇ ಲೆಕ್ಕ ಬೇಕು.

ಆರು: ‘ಇದು ಪೇಟೆಯವರ ಶೋಕಿ, ಊರಿನವರಿಗೇನು?’

ಮನೆಯ ಹಿಂದಿನ ಕಾಡಿನಿಂದ ದರಗು, ಸೊಪ್ಪು ತರಲು ಹೊರಟವರನ್ನು ತಡೆಯುವ ಗೇಟು ಲಕ್ಷ ರೂಪಾಯಿಯ ಸೈಕಲ್ಲಿಗೆ ತೆರೆದುಕೊಂಡರೆ ಅದು ಅನ್ಯಾಯವೇ. ಆದ್ದರಿಂದ ಕ್ರಮ ತಿರುಗಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಊರಿಗೆ ಸಲ್ಲಬೇಕಾದದ್ದು ಮೊದಲು ಸಲ್ಲಲಿ. ಗ್ರಾಮಸಭೆ ಒಪ್ಪಿದ ರಸ್ತೆಯನ್ನು ಮಾತ್ರ ತೆರೆಯಲಿ. ಟಿಕೆಟ್ಟಿನ ಹಣ ರಾಜಧಾನಿಗೆ ಹೋಗದೆ ಗ್ರಾಮ ಅರಣ್ಯ ಸಮಿತಿಗೆ ಬರಲಿ, ಅದರಲ್ಲಿ ಮೋರಿ ಬಿಡಿಸುವ ಕೂಲಿ, ಬೇಸಿಗೆಯ ಬೆಂಕಿ ಕಾವಲಿನ ಸಂಬಳ ಹುಟ್ಟಲಿ. ಊರು ಬೇಡವೆಂದರೆ ಮಾತು ಮುಗಿಯಿತು. ನಗರದ ಸೈಕಲ್ ಕ್ಲಬ್ಬಿಗೂ ಪರಿಸರ ಸಂಘಟನೆಗೂ ಆ ಮೇಲೆ ದನಿಯಿಲ್ಲ.

ಎಲ್ಲಿಂದ ಶುರು ಮಾಡುವುದು? ಮೈಸೂರು ಕಾಗದ ಕಾರ್ಖಾನೆಗೆಂದು 1980ರಲ್ಲಿ 40 ವರ್ಷದ ಗೇಣಿಗೆ ಕೊಟ್ಟ, ಶಿವಮೊಗ್ಗ ಸುತ್ತಿನ ಸುಮಾರು 20,000 ಹೆಕ್ಟೇರ್ ನೆಡುತೋಪುಗಳಿಂದ. ಆ ಜಾಗ ಮತ್ತೆ ಸಹಜ ಕಾಡಾಗಲಿ ಎಂಬ ಊರವರ ಹೋರಾಟ ನ್ಯಾಯವಾದದ್ದು, ಸೈಕಲ್ ಅದಕ್ಕೆ ಅಡ್ಡಬರುವುದಿಲ್ಲ. ಒಂದು ತಾಲೂಕು, ಒಂದು ರಸ್ತೆ, ಒಂದು ಹಂಗಾಮು. ತೆರೆಯುವ ಮೊದಲೂ ಮುಚ್ಚಿದ ಮೇಲೂ ಕ್ಯಾಮೆರಾ ಟ್ರಾಪ್ ಇಟ್ಟು ಎಣಿಸಿ. ಎಣಿಸುವವರಲ್ಲಿ ನಮ್ಮ ವಿರೋಧಿಗಳೇ ಇರಲಿ.

ಕಡೆಯದಾಗಿ ಅವರಿಗೊಂದು ಪ್ರಶ್ನೆ. ಈ ಪ್ರಯೋಗ ಕೆಟ್ಟರೆ ಉಣುಗೋಲಿಗೆ ಬೀಗ ಹಾಕುವುದು ಒಂದು ಬೆಳಗಿನ ಕೆಲಸ, ಒಂದೇ ಮಳೆಗಾಲಕ್ಕೆ ಟಯರಿನ ಗುರುತೂ ಅಳಿಯುತ್ತದೆ. ಕಾಡಿನೊಳಕ್ಕೆ ಬಂದ ಡಾಂಬರು, ವಿದ್ಯುತ್ ತಂತಿ, ರೆಸಾರ್ಟುಗಳಲ್ಲಿ ಹೀಗೆ ಹಿಂದಕ್ಕೆ ಕಳಿಸಲು ಬರುವಂಥದ್ದು ಯಾವುದಿದೆ?