ಕೊಮೊಲಿಕಾಳ ಬೊಟ್ಟು

ಏಕ್ತಾ ಕಪೂರ್ ಧಾರಾವಾಹಿಗಳ ಬಗ್ಗೆ ಎಲ್ಲರದೂ ಒಂದೇ ಗೇಲಿ: ಜರಿ ಸೀರೆ, ಮೈತುಂಬ ಒಡವೆ ಹಾಕಿಕೊಂಡು ಯಾರಾದರೂ ಮಲಗುತ್ತಾರೆಯೇ? ಈ ಗೇಲಿಯಿಂದ ಆಕೆಗೆ ಲಾಭವೇ ಆಗಿದೆ. ಆ ವೈಭವ ಮಾಡುವ ಕೆಲಸವನ್ನು ನಾವು ಗಮನಿಸಲೇ ಇಲ್ಲ.

‘ಕಸೌಟಿ ಜಿಂದಗೀ ಕೇ’ಯ ಕೊಮೊಲಿಕಾ ಬಂದಳೆಂದರೆ ಬಗೆಬಗೆಯ ಬೊಟ್ಟು, ದೊಡ್ಡ ಮೂಗುತಿ, ಹಿನ್ನೆಲೆಯಲ್ಲಿ ಅವಳದೇ ರಾಗ. ಅವಳು ಬಾಯಿ ತೆರೆಯುವ ಮೊದಲೇ ತೀರ್ಪು ಮುಗಿದಿರುತ್ತದೆ. ಅವಳು ಕುತಂತ್ರಿ, ಒಪ್ಪಿದೆ. ಆದರೆ ನನಗಿದು ಬೇಕು ಎನ್ನುವ ಹೆಣ್ಣಿಗೆ ಕುತಂತ್ರದ ಹೊರತು ಬೇರೆ ದಾರಿಯನ್ನು ಕಥೆ ಕೊಡುವುದೇ ಇಲ್ಲ.

ಇವು ಹೆಣ್ಣನ್ನು ಕಥೆಯ ನಡುವೆ ತಂದವು ಎನ್ನುವವರು ‘ಕ್ಯೂಂಕಿ ಸಾಸ್ ಭಿ ಕಭಿ ಬಹು ಥಿ’ಯ ತುಳಸಿ ಮಗ ಅಂಶ್‌ನಿಗೇ ಗುಂಡಿಟ್ಟದ್ದನ್ನು ನೆನಪಿಸುತ್ತಾರೆ. ದಿಟ. 1957ರ ‘ಮದರ್ ಇಂಡಿಯಾ’ದ ರಾಧಾ ಕೂಡ ಮಗನನ್ನು ಕೊಂದಳು, ಆದರೆ ಅವಳ ಕೈ ಮಣ್ಣಲ್ಲಿ ದುಡಿದದ್ದನ್ನು ನಾವು ನೋಡಿದ್ದೆವು. ವಿರಾನಿಗಳಿಗೆ ಉದ್ಯಮವಿದೆ, ದುಡಿಮೆ ಕಾಣುವುದು ಅಪರೂಪ. ಕ್ಯಾಮೆರಾ ಒಂದೇ ಮುಖಕ್ಕೆ ಮೂರು ಸಲ ನುಗ್ಗಿ ಸುಸ್ತಾಗಿರುತ್ತದೆ!

2008ರಲ್ಲಿ ಮುಗಿದ ತುಳಸಿಯ ಕಥೆ 2025ರಲ್ಲಿ ಮರಳಿತು. ಬಾಲ್ಯದ ನೆನಪೆಂದು ಸಂಭ್ರಮಿಸಿದ ಗೆಳೆಯರು ಇಷ್ಟು ಹೇಳಲಿ: ಕೊಮೊಲಿಕಾಳನ್ನು ದ್ವೇಷಿಸಲು ನಮಗೆ ಎಷ್ಟು ಕ್ಷಣ ಬೇಕಾಗಿತ್ತು?