ತಂಗಡಿಯ ಹೂವು, ಖಬರಸ್ತಾನದ ಹಸಿರು

ಪವಿತ್ರ ಕುರ್‌ಆನಿನ 16ನೆಯ ಅಧ್ಯಾಯದ ಹೆಸರು ‘ಅನ್ನಹ್ಲ್’, ಅಂದರೆ ಜೇನ್ನೊಣ. ಬೆಟ್ಟಗಳಲ್ಲಿ, ಮರಗಳಲ್ಲಿ ಗೂಡು ಕಟ್ಟುವಂತೆ ಅಲ್ಲಾಹನು ಅದಕ್ಕೆ ಪ್ರೇರಣೆಯಿತ್ತುದನ್ನು ಅದರ 68ನೆಯ ಸೂಕ್ತ ತಿಳಿಸುತ್ತದೆ. ಜೇನ್ನೊಣವನ್ನು ಕೊಲ್ಲಬಾರದೆಂದು ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ಅದನ್ನು ಕೊಲ್ಲದಿದ್ದರೆ ಸಾಲದು. ಅದರ ಅನ್ನವಾದ ಹೂವನ್ನೂ ಉಳಿಸಬೇಕು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಒಣನೆಲಕ್ಕೆ ಒಗ್ಗಿದ ಗಿಡ ತಂಗಡಿ. ಆವರಿಕೆ ಎಂದೂ ಕರೆಯುತ್ತಾರೆ. ಚರ್ಮ ಹದಮಾಡುವವರು ಇದರ ತೊಗಟೆಯನ್ನೂ, ರೈತರು ಹಸಿರೆಲೆ ಗೊಬ್ಬರಕ್ಕಾಗಿ ಸೊಪ್ಪನ್ನೂ ಬಲ್ಲರು. ಇದರ ಹಳದಿ ಹೂವಿನಲ್ಲಿ ಮಕರಂದವಿಲ್ಲ, ಪರಾಗವಿದೆ. ಮರ ಕೊರೆಯುವ ದೊಡ್ಡ ಕಪ್ಪು ದುಂಬಿಯು ಝೇಂಕರಿಸಿ ಕೇಸರಗಳನ್ನು ನಡುಗಿಸಿದಾಗ ಪರಾಗ ಉದುರುತ್ತದೆ. ನಮ್ಮ ತೊಗರಿಗೂ ಬದನೆಗೂ ಪರಾಗಸ್ಪರ್ಶ ಮಾಡುವುದು ಇದೇ ದುಂಬಿ. ಹೊಲದಲ್ಲಿ ಬೆಳೆ ಹೂಬಿಡದ ದಿನಗಳಲ್ಲಿ ಬದುವಿನ ತಂಗಡಿ ಅದನ್ನು ಸಾಕುತ್ತದೆ.

ಆದರೆ ಶಬೇ ಬರಾತ್ ಸಮೀಪಿಸಿದಂತೆ, ಸ್ವಚ್ಛತೆಯ ಹೆಸರಿನಲ್ಲಿ ಖಬರಸ್ತಾನದ ಸಕಲ ಪೊದೆಗಳನ್ನೂ ಕಡಿದು ಸುಡುವ, ಕಳೆನಾಶಕ ಸಿಂಪಡಿಸುವ ರೂಢಿ ಕೆಲವೆಡೆ ಇದೆ. ಇದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಪ್ರವಾದಿವರ್ಯರು(ಸ) ಎರಡು ಸಮಾಧಿಗಳ ಮೇಲೆ ಖರ್ಜೂರದ ಹಸಿಗರಿಯನ್ನು ಸೀಳಿ ನೆಟ್ಟು, ಅದು ಒಣಗುವವರೆಗೆ ಅವರ ಶಿಕ್ಷೆ ಹಗುರವಾಗುವ ಆಶಯ ವ್ಯಕ್ತಪಡಿಸಿದ ಹದೀಸ್ ಪ್ರಸಿದ್ಧ. ಹನಫೀ ವಿದ್ವಾಂಸ ಇಬ್ನ್ ಆಬಿದೀನರು ಖಬರಸ್ತಾನದ ಹಸಿ ಗಿಡಹುಲ್ಲುಗಳನ್ನು ಕೀಳುವುದು ಮಕ್ರೂಹ್ ಎಂದಿದ್ದಾರೆ; ಒಣಗಿದ್ದನ್ನು ತೆಗೆಯಲು ಅಡ್ಡಿಯಿಲ್ಲ.

ಪೊದೆಯಲ್ಲಿ ಹಾವು ಸೇರುತ್ತದೆಂಬ ಆತಂಕ ಸಹಜ. ಹಾದಿ ಮುಚ್ಚುವ ಬಳ್ಳಾರಿ ಜಾಲಿಯನ್ನೂ, ಮೈಗೆ ತುರಿಕೆ ತರುವ ಕಾಂಗ್ರೆಸ್ ಹುಲ್ಲನ್ನೂ ತೆಗೆಯಲೇಬೇಕು. ಅವೆರಡೂ ಹೊರನಾಡಿನಿಂದ ಬಂದು ಹಬ್ಬಿದವು. ಸಮಾಧಿಗಳ ನಡುವಿನ ದಾರಿ ಚೊಕ್ಕಟವಾಗಿರಲಿ, ಕಾಂಪೌಂಡಿನ ಅಂಚಿಗೆ ತಂಗಡಿಯ ಸಾಲಿರಲಿ.

ಬೆಳೆಸುವುದು ಕಷ್ಟವಲ್ಲ. ಬೀಜದ ಸಿಪ್ಪೆ ಗಟ್ಟಿ. ಬಿಸಿನೀರಿನಲ್ಲಿ ಹಾಕಿ, ರಾತ್ರಿಯಿಡೀ ನೆನೆಯಲು ಬಿಟ್ಟು, ಮುಂಗಾರಿನ ಆರಂಭದಲ್ಲಿ ಬಿತ್ತಬೇಕು. ದನಕುರಿಗಳು ಸಾಮಾನ್ಯವಾಗಿ ಇದಕ್ಕೆ ಬಾಯಿ ಹಾಕುವುದಿಲ್ಲ. ಮೊದಲ ಬೇಸಿಗೆಗೆ ಮಾತ್ರ ಸ್ವಲ್ಪ ನೀರು ಬೇಕು. ಅದಕ್ಕೆ ಮಸೀದಿಯ ವುಜೂ ನೀರೇ ಸಾಕು. ಬಳಸಿದ ಆ ನೀರಿನಿಂದ ಮತ್ತೆ ವುಜೂ ಮಾಡಲಾಗದು; ಆದರೆ ಅದು ಅಶುದ್ಧವಲ್ಲ, ಗಿಡಕ್ಕೆ ಯೋಗ್ಯ.

ಸತ್ಯವಿಶ್ವಾಸಿಯು ನೆಟ್ಟ ಗಿಡದಿಂದ ಮನುಷ್ಯನಾಗಲಿ, ಹಕ್ಕಿಯಾಗಲಿ, ಪ್ರಾಣಿಯಾಗಲಿ ತಿಂದರೆ ಅದು ಅವನ ಪಾಲಿಗೆ ಸದಕಾ ಎಂದು ನಮಗೆ ಕಲಿಸಲಾಗಿದೆ. ಮಸೀದಿ ಕಮಿಟಿಗಳು ಈ ಮುಂಗಾರಿನಲ್ಲೇ ಮಕ್ಕಳ ಕೈಯಿಂದ ಒಂದು ಸಾಲು ಬಿತ್ತಿಸಲಿ. ಅಲ್ಲಾಹನು ಅದನ್ನು ಸ್ವೀಕರಿಸಲಿ. ಆಮೀನ್.